ಕೋಡಿ ನೋಡಲು ಈ ದಾರಿ

ದೊಡ್ಡಕೆರೆ, ಕುರುಗೋಡು ತಾಲ್ಲೂಕು
14 ಜೂನ್

ವ್ಯಾಸಾ,

ನಿಮ್ಮ ಮನೆಗೆ ಫೋನು ಮಾಡಿದರೆ ಸೊಸೆ ಸಿಂಧು ಎತ್ತಿ "ಮಾವನವರು ಪೂಜಾಕ್ಕ ಕೂತಾರ" ಅನ್ನುತ್ತಾಳೆ. ನೀನು ತಿರುಗಿ ಮಾಡುವ ಹೊತ್ತಿಗೆ ನಾನು ಕೆರೆ ಏರಿಯ ಮೇಲಿರುತ್ತೇನೆ, ಅಲ್ಲಿ ಸಿಗ್ನಲ್ಲೇ ಇಲ್ಲ. ಅದಕ್ಕೇ ಈ ಕಾಗದ. ಸಿರುಗುಪ್ಪದ ಸಾಲಿಯಲ್ಲಿ ಒಂದೇ ಬೆಂಚಿನಲ್ಲಿ ಕೂತು ನನ್ನ ಅಕ್ಷರಕ್ಕೆ ನಗುತ್ತಿದ್ದವನು ನೀನು. ಈಗಲೂ ನಗು, ಆದರೆ ಪೂರ್ತಿ ಓದು.

ಮಗಳು ಸಾಜಿಯಾ ಆದೋನಿಯ ಗಂಡನ ಮನೆ ಬಿಟ್ಟು ಬಂದಿದ್ದಾಳೆ. ಅಳಿಯ ಸಲಾವುದ್ದೀನ್ ಕೈ ಎತ್ತಿದವನಲ್ಲ, ಕುಡಿದವನಲ್ಲ. ಆದರೆ ಆ ಮನೆಯಲ್ಲಿ ಸಾಮಾನಿನ ಕೋಣೆಯ ಬೀಗದಕೈ ಅತ್ತೆಯ ಸೊಂಟದಲ್ಲಿ. ಒಂದು ಲೋಟ ಚಹಾ ಮಾಡಿಕೊಳ್ಳಬೇಕಾದರೂ ಇವಳು ಕೈಚಾಚಿ ಸಕ್ಕರೆ ಕೇಳಬೇಕು. ಗಂಡ ನಡುವೆ ಬಾಯಿ ಬಿಡುವವನಲ್ಲ. "ಅಪ್ಪಾ, ಕೇಳಿ ಕೇಳಿ ನನಗ ಸಾಕಾಗೈತಿ" ಅಂದಳು. ಅವಳ ತಾಯಿ ಮದಾರಬೀ ಇದ್ದಿದ್ದರೆ ಏನಾದರೂ ದಾರಿ ತೋರಿಸುತ್ತಿದ್ದಳು. ನನಗೆ ತೋಚಲಿಲ್ಲ.

ಹುಡುಗಿ ಸುಮ್ಮನೆ ಕೂರುವವಳಲ್ಲ. ಪಂಚಾಯಿತಿಯವರನ್ನು ಕೇಳಿ ಏರಿಯ ಬುಡದಲ್ಲಿ ಒಂದು ಅಂಗಡಿ ಇಟ್ಟಿದ್ದಾಳೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ. ಕೆರೆ ನೋಡಲು ಬಂದವರಿಗೆ ತೆಪ್ಪದ ಸುತ್ತಾಟ. ತೆಪ್ಪ ಹಾಕುವವನು ನಾನು. ಬಸ್ಸು ಓಡಿಸಿದ ಕೈ, ಈಗ ಹುಟ್ಟು ಹಿಡಿದಿದೆ.

ಹೋದ ವಾರ ಬೀಗರು ಬಂದಿದ್ದರು. ಅಳಿಯನ ಅಪ್ಪ, ಅವರ ಕಡೆಯ ಹಿರಿಯರು. ಕಳಿಸಿಕೊಡಿ ಅಂದರು. ಅವರ ಮುಂದೆ ನಾನು ದೊಡ್ಡ ಮನುಷ್ಯನಂತೆ ಮಾತು ಕೊಟ್ಟುಬಿಟ್ಟೆ. "ದಸರಾ ತನ ನೋಡೋಣ್ರಿ. ಅಂಗಡಿ ನಡದ್ರ ಇಲ್ಲೇ ಇರ್ತಾಳ. ಜನ ಬರಲಿಲ್ಲಂದ್ರ ನಾನಾ ಕರಕೊಂಡು ಬಂದು ಬಿಡ್ತೀನಿ." ಅವರೂ ಒಪ್ಪಿದರು. ಪೀರಸಾಬನ ಮಾತು ಅಂದರೆ ಆದೋನಿಯಲ್ಲಿ ಇವತ್ತಿಗೂ ನಡೆಯುತ್ತದೆ.

ಈಗ ಜನವೇ ಇಲ್ಲ. ಬಳ್ಳಾರಿಯವರೆಲ್ಲ ಕಾರು ತೆಗೆದರೆ ಹೊಸಪೇಟೆಯ ಡ್ಯಾಮಿಗೆ ಓಡುತ್ತಾರೆ. ನಮ್ಮ ಕೆರೆಗೇನು ಕಡಿಮೆ? ಏರಿಯ ಮೇಲೆ ನಡೆದರೆ ಒಂದು ಕಡೆ ನೀರು, ಒಂದು ಕಡೆ ಭತ್ತದ ಗದ್ದೆ. ಬಂಡೆ ಹತ್ತಿದರೆ ಸೂರ್ಯ ಮುಳುಗುವುದು ಕಾಣುತ್ತದೆ. ನಡುಗಡ್ಡೆಯಲ್ಲಿ ಕೊಕ್ಕರೆ ತುಂಬಿವೆ. ರಸ್ತೆಯಲ್ಲಿ ಹೋಗುವವರಿಗೆ ಇದೆಲ್ಲ ಇರುವುದೇ ಗೊತ್ತಿಲ್ಲ. ನೀನು ನಾಲ್ಕು ಹಲಗೆ ಬರೆದುಕೊಡು. ನಿನ್ನ ಅಕ್ಷರ ನೋಡಿದರೆ ಹೋಗುವವರು ಗಾಡಿ ನಿಲ್ಲಿಸುತ್ತಾರೆ.

ಸರಸ್ವತಿ ವೈನಿಗೆ ಸಲಾಮು ಹೇಳು.

ನಿನ್ನ
ಪೀರಸಾಬ್

*

ಕಂಟೋನ್ಮೆಂಟ್, ಬಳ್ಳಾರಿ
27 ಜೂನ್

ಲೇ ಪೀರಾ,

ಪೂರ್ತಿ ಓದಿದೆ, ನಗಲಿಲ್ಲ. ಒತ್ತಕ್ಷರಗಳನ್ನು ಮಾತ್ರ ಕೆಂಪು ಶಾಯಿಯಲ್ಲಿ ತಿದ್ದಿಟ್ಟಿದ್ದೇನೆ. ಮೇಷ್ಟರಿಕೆ ಬಿಟ್ಟರೂ ಕೈ ಬಿಡುವುದಿಲ್ಲ.

ಮೊದಲು ಬೈಗುಳ. ಮಗಳು ಎಲ್ಲಿ ಇರಬೇಕೆಂಬುದಕ್ಕೆ ದಸರಾ ಗಡುವು ಹಾಕಲು ಅವಳೇನು ನಿನ್ನ ಬಸ್ಸೇ? ಟೈಮಿಗೆ ಬಿಡುವುದು, ಟೈಮಿಗೆ ಮುಟ್ಟಿಸುವುದು. ನಿನ್ನ ಮಾತಿನ ಹೆಮ್ಮೆ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದನ್ನು ಕೊಡುವಾಗ ಆ ಹುಡುಗಿಯನ್ನು ಒಂದು ಮಾತು ಕೇಳಿದೆಯಾ? ಸರಸ್ವತಿಯೂ ಇದನ್ನೇ ಕೇಳಿದಳು, ಇನ್ನೂ ಖಾರವಾಗಿ.

ಹಲಗೆಗಳು ನಾಳೆ ಕುರುಗೋಡಿನ ಬಸ್ಸಿನಲ್ಲಿ ಬರುತ್ತವೆ. ಹಳದಿ ಬಣ್ಣದ ಮೇಲೆ ಕಪ್ಪಕ್ಷರ. 'ಏರಿಯ ಮೇಲೆ ನಡೆಯಲು ಈ ದಾರಿ', 'ಬಂಡೆ ಹತ್ತಲು ಈ ದಾರಿ', 'ಹಕ್ಕಿಗಡ್ಡೆಗೆ ತೆಪ್ಪ', 'ಕೋಡಿ ನೋಡಲು ಈ ದಾರಿ'. ಕೊನೆಯದು ಎಲ್ಲಕ್ಕಿಂತ ದೊಡ್ಡದು, ಚೆನ್ನಾಗಿಯೂ ಬಂದಿದೆ. ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಗೆ ಹರಿಯುವ ಕಲ್ಲುಕಟ್ಟೆಗೆ ಕೋಡಿ ಅನ್ನುತ್ತಾರೆಂದು ಈಗಿನ ಮಕ್ಕಳಿಗೆ ಗೊತ್ತಿಲ್ಲ. ಓದಿ ತಿಳಿಯಲಿ. 'ಕೋಡಿ' ಅನ್ನುವುದನ್ನು ದೂರದಿಂದ ಕಾಣುವಂತೆ ದಪ್ಪ ಮಾಡಿದ್ದೇನೆ. ಮುಖ್ಯರಸ್ತೆಯ ಮಗ್ಗುಲಿಗೆ ನಿಲ್ಲಿಸು. ಮೂಲೆಯಲ್ಲಿ ಎಂದಿನಂತೆ 'ವೇ. ವ್ಯಾ.' ಎಂದು ಹಾಕಿದ್ದೇನೆ, ಅದರ ಮೇಲೆ ಮೊಳೆ ಹೊಡೆಯಬೇಡ.

ನಾನು ಈಗ ಬರಲಾರೆ. ಇನ್ನೇನು ಚಾತುರ್ಮಾಸ್ಯ ಬಂತು. ಹೊರಗೆ ನೀರೂ ಮುಟ್ಟುವಂತಿಲ್ಲ.

ವೇದವ್ಯಾಸ

*

ದೊಡ್ಡಕೆರೆ
29 ಜುಲೈ

ವ್ಯಾಸಾ,

ಜನ ಬರುತ್ತಿದ್ದಾರೆ. ಸುಳ್ಳಲ್ಲ. ಆದರೆ ಯಾಕೆ ಬರುತ್ತಿದ್ದಾರೆ ಅನ್ನುವುದನ್ನು ನೀನು ಕೂತುಕೊಂಡು ಓದುವುದು ಒಳ್ಳೆಯದು.

ಒಂದು ಭಾನುವಾರ ಆಂಧ್ರದ ಆಲೂರಿನಿಂದ ಒಂದು ವ್ಯಾನು ಬಂತು. ಇಳಿದವರೆಲ್ಲ ನಗುನಗುತ್ತಾ ನಿನ್ನ ದೊಡ್ಡ ಹಲಗೆಯ ದಾರಿ ಹಿಡಿದರು. ಸಾಜಿಯಾ ಎಣ್ಣೆ ಕಾಯಲು ಇಟ್ಟಳು. ಸ್ವಲ್ಪ ಹೊತ್ತಿಗೆ ಬೆವರು ಒರೆಸುತ್ತಾ ತಿರುಗಿ ಬಂದರು. ಮುಂದಿದ್ದ ದಪ್ಪನೆಯ ಮನುಷ್ಯ ಸಿಟ್ಟಿನಲ್ಲಿ "ಕೋಡಿ ಎಕ್ಕಡಮ್ಮಾ?" ಅಂದ.

"ಅಲ್ಲೇ ಐತಲ್ರಿ, ನೋಡಲಿಲ್ಲೇನು?" ಅಂದಳು ಇವಳು.

"ಅಲ್ಲಿ ಬರೇ ಕಲ್ಲದಾವ" ಅಂದ ಹರಕು ಕನ್ನಡದಲ್ಲಿ.

"ಈಗ ಹಂಗ ಕಾಣ್ತೈತ್ರಿ. ನೀರು ಬಂದ್ಮ್ಯಾಲ ಚಲೋ ಆಗ್ತೈತಿ."

"ನೀರು ಬಂದ್ಮ್ಯಾಲ ಕುದಿಸ್ತೀರೇನು?"

ಅವರ ಗುಂಪಿನ ಹೆಂಗಸೊಬ್ಬಳು ಕೈಯಲ್ಲಿ ರೆಕ್ಕೆ ಬಡಿದು ತೋರಿಸಿದ ಮೇಲೆ ನಮಗೆ ಹೊಳೆಯಿತು. ತೆಲುಗಿನಲ್ಲಿ ಕೋಡಿ ಅಂದರೆ ಕೋಳಿ. ನಮ್ಮ ಅಕ್ಷರ ಅವರಿಗೆ ಓದಲು ಬರುತ್ತದೆ, ತಲೆಕಟ್ಟಿನಲ್ಲಷ್ಟೇ ವ್ಯತ್ಯಾಸ. 'ನೋಡಲು ಈ ದಾರಿ' ತಿಳಿಯಲಿಲ್ಲ. ನೀನು ದಪ್ಪ ಮಾಡಿದ್ದು ತಿಳಿಯಿತು. ಆದೋನಿ ರೂಟಿನಲ್ಲಿ ವರ್ಷಗಟ್ಟಲೆ ಬಸ್ಸು ಓಡಿಸಿ, ಬಸ್ಸಿನ ತುಂಬಾ ತೆಲುಗು ಕೇಳಿದ ನನಗೇ ಹೊಳೆದಿರಲಿಲ್ಲ. ಕೆರೆ ಏರಿಯ ಮೇಲೆ ನಿಂತವನಿಗೆ ಕೋಡಿ ಅಂದರೆ ಕೋಡಿಯೇ.

ಸಾಜಿಯಾ ಅವರನ್ನು ನೆರಳಿಗೆ ಕೂರಿಸಿ ಒಗ್ಗರಣೆ, ಮಿರ್ಚಿ ಕೊಟ್ಟು ಸಮಾಧಾನ ಮಾಡಿದಳು. ಬಂದವರು ಬಂದಾಗಿದೆ ಅಂತ ಬಂಡೆ ಹತ್ತಿದರು, ತೆಪ್ಪದಲ್ಲಿ ಕೂತರು. ತೆಪ್ಪವನ್ನು ಗರಗರ ತಿರುಗಿಸು ಅಂದರು, ತಿರುಗಿಸಿದೆ. ಆ ದಪ್ಪ ಮನುಷ್ಯ ನನ್ನ ಭುಜ ಹಿಡಿದುಕೊಂಡು ಮಕ್ಕಳ ಹಾಗೆ ಕಿರುಚಿದ. ಮುಂದಿನ ಭಾನುವಾರ ಅವನೇ ಕೋಳಿ ತಂದು, "ಮಾಡಿಕೊಡಮ್ಮಾ" ಅಂದ. ಮಾಡಿಕೊಟ್ಟಳು. ಅಲ್ಲಿಂದ ಹಿಡಿದು ಇವತ್ತಿನ ತನಕ ಒಲೆ ಆರಿಲ್ಲ. ಕೊಪ್ಪರಿಗೆ ಇಳಿಯುವ ತನಕ ಕೆರೆ ಸುತ್ತುತ್ತಾರೆ, ಉಂಡ ಮೇಲೆ ಏರಿಯ ಮೇಲೆ ಮಲಗುತ್ತಾರೆ. ಬಳ್ಳಾರಿಯವರೂ ಶುರು ಹಚ್ಚಿಕೊಂಡಿದ್ದಾರೆ. ಈ ಜಾಗಕ್ಕೆ ಈಗ 'ಕೋಡಿ ಪಾಯಿಂಟ್' ಅಂತಲೇ ಹೆಸರು.

ಸಾಜಿಯಾ ಈಗ ಕೆಲಸ ಮಾಡುತ್ತಾ ತಾನೇ ಹಾಡು ಗುನುಗುತ್ತಾಳೆ. ಸಣ್ಣವಳಿದ್ದಾಗ ಕೇಳಿದ್ದು, ಮತ್ತೆ ಈಗ ಕೇಳುತ್ತಿದ್ದೇನೆ. ನಿನ್ನ ಹಲಗೆಯ ಉಪಕಾರ ನಾನು ಮರೆಯುವುದಿಲ್ಲ.

ಪೀರಸಾಬ್

*

ಕಂಟೋನ್ಮೆಂಟ್
12 ಆಗಸ್ಟ್

ಪೀರಸಾಬ್,

ನಿನ್ನ ಕಾಗದ ಬರುವ ಮೊದಲೇ ಸುದ್ದಿ ನನ್ನ ಮನೆಗೆ ಬಂದಿತ್ತು. ನಮ್ಮ ಓಣಿಯ ಸುಜಯೀಂದ್ರ ಬೆಳಿಗ್ಗೆ ಮಠದಲ್ಲಿ ಎಲ್ಲರ ಎದುರಿಗೆ ಫೋನು ತೆಗೆದು ಫೋಟೋ ತೋರಿಸಿದ. ನನ್ನ ಹಲಗೆ, ಅದರ ಕೆಳಗೆ ನಾಲ್ಕು ಜನ ಕೋಳಿ ಕಾಲು ಕಚ್ಚುತ್ತಾ ಹಲ್ಲು ಕಿರಿದಿದ್ದಾರೆ. ಮೂಲೆಯಲ್ಲಿ 'ವೇ. ವ್ಯಾ.' ಸ್ಪಷ್ಟವಾಗಿ ಕಾಣುತ್ತದೆ. "ಏನ್ರೀ ಆಚಾರ್ರೆ, ಖಾನಾವಳಿ ಯಾವಾಗ ಇಟ್ರಿ? ನಮಗ ಹೇಳಲೇ ಇಲ್ಲಲ್ಲ" ಅಂದ. ಮಠವೆಲ್ಲ ನಕ್ಕಿತು. ಇದು ಮೊಸರು ಬಿಟ್ಟಿರುವ ತಿಂಗಳು, ವ್ರತದಲ್ಲಿದ್ದೇನೆ. ಮೊಸರನ್ನ ಕಲಸಿಕೊಳ್ಳಲಾರದೆ ಮೊದಲೇ ತಲೆ ಕೆಟ್ಟಿದೆ, ಅದರ ಮೇಲೆ ಇದು.

ನಾನು ಬದುಕೆಲ್ಲ ಅಕ್ಷರ ತಿದ್ದಿದವನು. ಕೆರೆಯ ಕೋಡಿ ಎಂಥ ಮಾತು, ಅದನ್ನು ಬರೆದರೆ ಜನ ಕೋಳಿ ಕುಯ್ದರು. ನೀನು ಅದನ್ನು ಉಪಕಾರ ಅನ್ನುತ್ತೀ. ನನಗೆ ನಾಚಿಕೆಯಾಗಿದೆ, ಸಿಟ್ಟೂ ಬಂದಿದೆ, ಎರಡನ್ನೂ ಮುಚ್ಚಿಡುವುದಿಲ್ಲ.

ಅಂಗಡಿಯಲ್ಲಿ ಏನು ಬೇಕಾದರೂ ಮಾಡಿ ಮಾರಲಿ, ಅದು ಅವಳ ಅನ್ನ. ನನ್ನ ಹಲಗೆ ಮಾತ್ರ ಇಳಿಸು. ಇಳಿಸುವ ತನಕ ನನಗೆ ಕಾಗದ ಬರೆಯಬೇಡ.

ವೇದವ್ಯಾಸ

*

ದೊಡ್ಡಕೆರೆ
18 ಆಗಸ್ಟ್

ವೇದವ್ಯಾಸರೇ,

ಹಲಗೆ ಇಳಿಸಿದರೆ ಗಾಡಿ ನಿಲ್ಲುವುದಿಲ್ಲ. ಗಾಡಿ ನಿಲ್ಲದಿದ್ದರೆ ದಸರೆಗೆ ನಾನು ಮಗಳನ್ನು ಆದೋನಿಗೆ ಬಿಡಬೇಕು. ಇದು ನಿಮಗೆ ಗೊತ್ತಿದ್ದೂ ಬರೆದಿದ್ದೀರಿ.

ನಿಮ್ಮ ಅಕ್ಷರ ನಿಮಗೆ, ನನ್ನ ಮಗಳು ನನಗೆ. ಹಲಗೆ ಇಳಿಸುವುದಿಲ್ಲ, ಕಾಗದವನ್ನೂ ಬರೆಯುವುದಿಲ್ಲ.

ಪೀರಸಾಬ್

*

ದೊಡ್ಡಕೆರೆ
14 ಸೆಪ್ಟೆಂಬರ್

ವ್ಯಾಸ ಕಾಕಾ ಅವರಿಗೆ ಸಾಜಿಯಾ ಮಾಡುವ ನಮಸ್ಕಾರ.

ಅಪ್ಪನಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ನಿಮಗೆ ಇಳಿಸುವುದಿಲ್ಲ ಅಂತ ಬರೆದ ಮೇಲೆ ಅಪ್ಪ ಒಂದು ವಾರ ಅನ್ನ ಸರಿಯಾಗಿ ಉಣ್ಣಲಿಲ್ಲ. ರಸ್ತೆಗೆ ಹೋಗುವುದು, ಹಲಗೆ ನೋಡುವುದು, ತಿರುಗಿ ಬರುವುದು. ಒಂದು ದಿನ ಮುಂಜಾನೆ ತಾನೇ ಹೋಗಿ ಕಿತ್ತುಕೊಂಡು ಬಂತು. ಅಮ್ಮನ ಹಳೆಯ ಚಾದರದಲ್ಲಿ ಸುತ್ತಿ ಒಳಗೆ ಇಟ್ಟಿದೆ. ನಾನು ಕೇಳಿದ್ದಕ್ಕೆ "ಅವನ ಕೈಬರಹ ಅದು, ಅವನು ಬ್ಯಾಡಂದ್ಮ್ಯಾಲ ಮುಗೀತು" ಅಂದಿತು. ನಿಮಗೆ ತಿಳಿಸಲು ಮಾತ್ರ ಮನಸ್ಸು ಒಪ್ಪಲಿಲ್ಲ. ಬರೆಯುವುದಿಲ್ಲ ಅಂತ ಬರೆದಿದೆಯಲ್ಲ, ಆ ಮಾತನ್ನೂ ಉಳಿಸಿಕೊಳ್ಳಬೇಕು.

ಹಲಗೆ ಹೋದ ಮೇಲೆ ಜನ ಕಡಿಮೆಯಾದರು. ಗೊತ್ತಿದ್ದವರು ಬರುತ್ತಾರೆ, ಹೊಸಬರು ನೇರ ಹೋಗಿಬಿಡುತ್ತಾರೆ. ಬೇರೆಯವರ ಕೈಲಿ ಬರೆಸೋಣ ಅಂದರೆ ಅಪ್ಪ ಒಪ್ಪುವುದಿಲ್ಲ. ಬೀಗರಿಂದ ದಸರೆಯ ದಿನ ಬರುತ್ತೇವೆ ಅಂತ ಫೋನು ಬಂದಿದೆ.

ಕಾಕಾ, ನನಗೆ ಆದೋನಿಗೆ ಹೋಗುವ ಮನಸ್ಸಿಲ್ಲ. ಇದನ್ನು ಅಪ್ಪನ ಮುಂದೆ ಎರಡನೇ ಸಲ ಹೇಳಲಾರೆ, ಹೇಳಿದರೆ ಅದು ಕೊಟ್ಟ ಮಾತಿಗೆ ಅಡ್ಡ ಬಂದಂತಾಗುತ್ತದೆ. ಇಲ್ಲಿ ನನ್ನ ಸಕ್ಕರೆ ಡಬ್ಬಿ ನನ್ನ ಕೈಗೆ ಸಿಗುತ್ತದೆ. ಸಂಜೆ ಜನ ಹೋದ ಮೇಲೆ ತೆಪ್ಪ ತೆಗೆದುಕೊಂಡು ಒಬ್ಬಳೇ ಹಕ್ಕಿಗಡ್ಡೆಯ ತನಕ ಹೋಗಿ ಬರುತ್ತೇನೆ, ಯಾರೂ ಎಲ್ಲಿಗೆ ಅನ್ನುವುದಿಲ್ಲ.

ನೀವು ವ್ರತ ಮುರಿಯಿರಿ ಅಂತ ಕೇಳುತ್ತಿಲ್ಲ. ನೀವು ಅಷ್ಟು ಓದಿದವರು. ನಿಮಗೆ ಮೈಲಿಗೆಯಾಗದ, ನನಗೆ ಆದೋನಿಯಾಗದ ಒಂದು ಮಾತು ಇದ್ದರೆ ಬರೆದುಕೊಡಿ.

ಸಾಜಿಯಾ

*

ಕಂಟೋನ್ಮೆಂಟ್
23 ಸೆಪ್ಟೆಂಬರ್

ಚಿರಂಜೀವಿ ಸಾಜಿಯಾಗೆ ಆಶೀರ್ವಾದಗಳು.

ನೀನು ಕೇಳಿದಂಥ ಮಾತು ಹುಡುಕಿದೆ. ಸಿಗಲಿಲ್ಲ. ಕೋಡಿಗೆ ತೆಲುಗಿನವರು ಅಲುಗು ಅನ್ನುತ್ತಾರಂತೆ, ಅದನ್ನು ಬರೆದರೆ ಒಂದು ನರಪಿಳ್ಳೆಯೂ ಗಾಡಿಯಿಂದ ಇಳಿಯುವುದಿಲ್ಲ. ಕಲ್ಲು ನೋಡಲು ಯಾರು ಬರುತ್ತಾರೆ? ದಿನಾ ಬರೆಯುವುದು, ಅಳಿಸುವುದು ನೋಡಿ ನಿನ್ನ ಕಾಕಿಗೆ ಬೇಸರ ಬಂತು. "ಇಷ್ಟ ವರ್ಷದಾಗ ನೀವು ಬರೆದದ್ದನ್ನ ಓದಿ ಯಾರರ ನಿಂತಿದ್ರೇನು? ಈಗ ನಿಂತಾರ. ತಪ್ಪು ಓದಿ ನಿಂತ್ರ ನಿಂತ್ರು. ಆ ಹುಡುಗಿ ಉಳೀತದ" ಅಂದಳು. ನಾನು ಎದ್ದು ಬಣ್ಣದ ಡಬ್ಬಿ ತೆಗೆದೆ.

ಹೊಸ ಹಲಗೆ ಬರೆದಿದ್ದೇನೆ. ಓದು:

'ನೋಡಲು ಕೋಡಿ, ತಿನ್ನಲು ಕೋಳಿ. ಎರಡಕ್ಕೂ ಈ ದಾರಿ.'

ಕೆಳಗೆ ಒಂದು ಹುಂಜದ ಚಿತ್ರ ಇದೆ. ಸಾಲಿಯಲ್ಲಿ 'ಕೋ' ಅಕ್ಷರಕ್ಕೆ ನಾನು ಯಾವಾಗಲೂ ಕೋಗಿಲೆಯನ್ನೇ ಬರೆಸಿದವನು, ಕೋಳಿ ಬರೆಸಿದವನಲ್ಲ. ಮೊದಲ ಸಲ ಬರೆದದ್ದರಿಂದ ಜುಟ್ಟು ಸ್ವಲ್ಪ ಸೊಟ್ಟಗಿದೆ. ಸುಜಯೀಂದ್ರ ಗೇಟಿನ ಹತ್ತಿರ ನಿಂತು ನೋಡಿದ, ಈ ಸಲ ನಗಲಿಲ್ಲ. ನಾನೇ ಕರೆದು ತೋರಿಸಿದೆ. ಮೂಲೆಯಲ್ಲಿ ಪೂರ್ತಿ ಹೆಸರು ಹಾಕಿದ್ದೇನೆ, 'ವೇದವ್ಯಾಸ, ನಿವೃತ್ತ ಕನ್ನಡ ಶಿಕ್ಷಕ, ಬಳ್ಳಾರಿ'.

ಬಸ್ಸಿನ ಮೇಲೆ ಹಾಕಲು ಧೈರ್ಯವಿಲ್ಲ, ಬಣ್ಣ ಇನ್ನೂ ಹಸಿ. ದಸರೆಯ ದಿನ ನಾನೇ ಹೊತ್ತು ತರುತ್ತೇನೆ. ಕುಡಿಯುವ ನೀರು ಮನೆಯಿಂದಲೇ ತರುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಅಪ್ಪನಿಗೆ ಹೇಳು, ಕಾಗದ ಬರೆಯಬಹುದು ಅಂತ.

ನಿನ್ನ ಕಾಕಾ
ವೇದವ್ಯಾಸ

*

ಕಂಟೋನ್ಮೆಂಟ್
4 ಅಕ್ಟೋಬರ್

ಪೀರಾ,

ಕ್ಷೇಮವಾಗಿ ಮನೆ ಮುಟ್ಟಿದೆ. ನೆಗಡಿಯಾಗಿದೆ, ಅಷ್ಟೇ.

ಕುರುಗೋಡಿನಲ್ಲಿ ಇಳಿದಾಗ ಮಳೆಗೆ ಆಟೋ ಸಿಗಲಿಲ್ಲ. ಒಂದು ಟ್ರ್ಯಾಕ್ಟರು ನಿಮ್ಮ ಕೆರೆಯ ಕಡೆಗೇ ಹೊರಟಿತ್ತು, ಹತ್ತಿದೆ. ಅದರಲ್ಲಿದ್ದವರು ನಿನ್ನ ಬೀಗರೆಂದು ದಾರಿಯಲ್ಲಿ ತಿಳಿಯಿತು. ಹಲಗೆಯನ್ನು ಮಗ್ಗುಲಿಗೆ ತಿರುಗಿಸಿ ಹಿಡಿದು ಕೂತೆ. ಕೋಡಿ ಬಿದ್ದು ರಸ್ತೆಯ ತಗ್ಗಿನಲ್ಲಿ ನೀರು ಹರಿಯುತ್ತಿತ್ತು, ಟ್ರ್ಯಾಕ್ಟರು ಅಲ್ಲೇ ನಿಂತಿತು. ನಾನು ಇಳಿದು ಹುಣಸೆ ಮರದ ಕೆಳಗೆ ನಿಂತೆ. ನೀನು ಆಚೆಯಿಂದ ನೀರಿಗಿಳಿದು ಬಂದದ್ದು ಕಂಡಿತು. ನೀನು ಏನೋ ಅಂದೆ, ಅವರು ಏನೋ ಅಂದರು. ನೀರಿನ ಸದ್ದಿನಲ್ಲಿ ಒಂದು ಅಕ್ಷರವೂ ಕೇಳಲಿಲ್ಲ. ಆಮೇಲೆ, ನೀರು ದಾಟಲಾರದ ನನ್ನನ್ನೂ ಹತ್ತಿಸಿಕೊಂಡು ತಿರುಗಿ ಹೊರಟುಬಿಟ್ಟರು. ಹಲಗೆ ಮರಕ್ಕೆ ಒರಗಿಸಿ ಬಂದೆ. ದಾರಿಯುದ್ದಕ್ಕೂ ಆ ಹಿರಿಯರು ತುಟಿ ಪಿಟಕ್ಕೆನ್ನಲಿಲ್ಲ, ಕೇಳಲು ನನಗೂ ಧೈರ್ಯ ಬರಲಿಲ್ಲ.

ಮೂರು ದಿನವಾಯಿತು, ಇಲ್ಲಿ ಸರಸ್ವತಿ ನನ್ನ ಪ್ರಾಣ ತಿನ್ನುತ್ತಿದ್ದಾಳೆ. ಏನಂದೆ ಮಾರಾಯ? ಹುಡುಗಿ ಎಲ್ಲಿದ್ದಾಳೆ?

ವ್ಯಾಸ

*

ದೊಡ್ಡಕೆರೆ
8 ಅಕ್ಟೋಬರ್

ವ್ಯಾಸಾ,

ಹಲಗೆ ಸಿಕ್ಕಿತು. ನೀರಿಳಿದ ಮೇಲೆ ರಸ್ತೆಗೆ ನೆಟ್ಟಿದ್ದೇವೆ. ಹುಂಜ ಬಾತುಕೋಳಿಯಂತೆ ಕಾಣುತ್ತದೆ, ಆದರೂ ಜನ ಇಳಿಯುತ್ತಿದ್ದಾರೆ.

ಈಗ ಕೇಳು. ದಸರಾ ರಜೆಗೆ ಜನ ಬರುತ್ತಾರೆ ಅಂತ ಸಾಜಿಯಾ ಸಾಮಾನು ತುಂಬಿಸಿಟ್ಟಿದ್ದಳು. ಮಳೆ ಹಿಡಿಯಿತು, ಬಿಡಲಿಲ್ಲ. ಕೆರೆ ತುಂಬಿ ಕೋಡಿ ಬಿತ್ತು. ಕಲ್ಲುಕಟ್ಟೆಯ ಮೇಲಿಂದ ಬಿಳಿ ನೀರು ಇಳಿಯುತ್ತಿತ್ತು, ಬಂಡೆಯ ಬುಡದ ತನಕ ನೀರು ನಿಂತಿತ್ತು. ಈ ಕೆರೆಯನ್ನು ನಾನು ಅಷ್ಟು ಚೆಂದ ಯಾವತ್ತೂ ಕಂಡಿರಲಿಲ್ಲ. ರಸ್ತೆ ಮುಳುಗಿದ್ದರಿಂದ ನೋಡಲು ಒಬ್ಬರೂ ಬರಲಿಲ್ಲ. ಒಗ್ಗರಣೆಯೆಲ್ಲ ನಾವೇ ತಿಂದೆವು.

ಬೀಗರ ಟ್ರ್ಯಾಕ್ಟರು ಕಂಡಾಗ ನೀರಿಗಿಳಿದೆ. ಏನು ಹೇಳಬೇಕೆಂದು ಮೊದಲೇ ಹೊಂದಿಸಿಟ್ಟುಕೊಂಡಿದ್ದೆ. ಮಳೆ ಬಂತು, ದಾರಿ ಕಟ್ಟಿತು, ಇದು ನನ್ನ ಕೈಯಲ್ಲಿಲ್ಲದ್ದು, ಸಂಕ್ರಾಂತಿ ತನಕ ಬಿಡಿ ಅಂತ. ಅವರೂ ಒಪ್ಪುತ್ತಿದ್ದರು, ಕೆಟ್ಟವರಲ್ಲ. ಆದರೆ ನೀರಿನ ನಡುವೆ ನನಗೇ ಹೇಸಿಗೆಯಾಯಿತು. ಸಂಕ್ರಾಂತಿ ಬಂದರೆ ಮತ್ತೆ ಏರಿಯ ಮೇಲೆ ನಿಂತು ರಸ್ತೆ ನೋಡುತ್ತಿರಬೇಕು. ಆಲೂರಿನವರಿಗೆ ಹಸಿವಾದರೆ ನನ್ನ ಮಗಳು ಉಳಿದಳು, ಆಗದಿದ್ದರೆ ಹೋದಳು.

"ಏನ್ರಿ ಪೀರಸಾಬ್, ಜನ ಎಲ್ಲ್ಯದಾರ?" ಅಂದರು ಬೀಗರು.

"ಜನ ಬಂದಿಲ್ರಿ" ಅಂದೆ. "ಮಗಳೂ ಬರಂಗಿಲ್ಲ."

"ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ. ತಪ್ಪೀನಿ. ಪೀರಸಾಬ್ ಮಾತು ತಪ್ಪಿದ ಅಂತ ಆದೋನಿ ತುಂಬಾ ಹೇಳ್ರಿ. ಯಾರರ ಬಂದು ಕೇಳಿದ್ರ ನಾನೂ ಹೌದಂತೀನಿ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಡ್ರೈವರಿಗೆ ತಿರುಗಿಸು ಅಂದರು. ಅಷ್ಟೇ ಆದದ್ದು.

ತಿರುಗಿ ದಡಕ್ಕೆ ಬಂದೆ. ಸಾಜಿಯಾ ಅಂಗಡಿಯ ಮುಂದೆ ನಿಂತಿದ್ದಳು. ಅವಳಿಗೂ ನಮ್ಮ ಮಾತು ಕೇಳಿಸಿರಲಿಲ್ಲ. ಒಲೆ ಆರಿಸಿ, ಪಾತ್ರೆ ತೊಳೆದು ಬೋರಲು ಹಾಕಿದ್ದಳು. ಹೊಸ ಸೀರೆ ಉಟ್ಟಿದ್ದಳು. ಕೈಯಲ್ಲಿ ಬಟ್ಟೆಯ ಗಂಟು. ಅವತ್ತು ಮುಂಜಾನೆಯೇ ಕಟ್ಟಿದ್ದಾಳೆ ವ್ಯಾಸಾ, ನನ್ನ ಮಾತು ಹೋಗಬಾರದು ಅಂತ.

"ಟ್ರ್ಯಾಕ್ಟರ್ ಯಾಕ ಹೊಂಟತಪ್ಪಾ? ನಾ ತಯಾರಾಗೇನಿ" ಅಂದಳು.

ಗಂಟು ಇಸಿದುಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತೆ. ಬಿಗಿಯಾಗಿ ಕಟ್ಟಿದ್ದಳು. ಚಳಿಗೆ ಬೆರಳು ಮರಗಟ್ಟಿದ್ದವು, ನನಗೆ ಬಿಚ್ಚಲು ಬರಲಿಲ್ಲ. ಕೊನೆಗೆ ಅವಳೇ ನನ್ನ ಕೈ ಸರಿಸಿ ಬಿಚ್ಚಿದಳು.

ನಿನ್ನ
ಪೀರಾ